123456789 ಅನ್ನು ಪೂರ್ತಿ ಬಿಡಿಸುವುದು ಹೇಗೆ: ಒಂದು ದೊಡ್ಡ ಸಂಖ್ಯೆಯ ಗುಣಗಳನ್ನು ಕೈಲೆಕ್ಕದಲ್ಲೇ ಕಂಡುಕೊಳ್ಳುವ ಸಮಗ್ರ ಮಾರ್ಗದರ್ಶಿ

ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಭಾನುವಾರ ಬೆಳಿಗ್ಗೆ ಗಣಿತಕ್ಕೆಂದು ಕೂರುವ ಹೈಸ್ಕೂಲು ಮತ್ತು ಪಿಯುಸಿ ಮಕ್ಕಳಿಗೆ ನಾನು ತಪ್ಪದೆ ಕೊಡುವ ಒಂದು ಲೆಕ್ಕವಿದೆ. 123456789 ಎಂಬ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಬಿಡಿಸಬೇಕು. ಅದಕ್ಕೆ ಭಾಜಕಗಳು ಎಷ್ಟು, ಅವುಗಳ ಮೊತ್ತವೆಷ್ಟು, ಅದನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಸಾಧ್ಯವೇ ಎಂಬುದನ್ನು ಕಾರಣ ಸಹಿತ ಹೇಳಬೇಕು. ಹತ್ತರಲ್ಲಿ ಎಂಟು ಮಂದಿ 9 × 13717421 ಎಂಬಲ್ಲಿಗೆ ಬಂದು ನಿಂತು, ಉಳಿದ ದೊಡ್ಡ ತುಂಡು ಅವಿಭಾಜ್ಯವೆಂದು ಬರೆದು ಪುಸ್ತಕ ಮುಚ್ಚುತ್ತಾರೆ. ಅದು ಅವಿಭಾಜ್ಯವಲ್ಲ. ಇವರಲ್ಲಿ ಯಾರಿಗೂ ಗುಣಾಕಾರ, ಭಾಗಾಕಾರ ಬಾರದೆ ಇಲ್ಲ. ಯಾವುದರ ನಂತರ ಯಾವುದು ಎಂಬ ಕ್ರಮದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಆದ್ದರಿಂದ ಈ ಬರಹದಲ್ಲಿ ಉತ್ತರಕ್ಕಿಂತ ಹೆಚ್ಚಾಗಿ ಕ್ರಮವನ್ನೇ ವಿವರಿಸಿದ್ದೇನೆ.

ಬೇಕಾದ ಸಾಮಗ್ರಿ

ಒಂದು ಚೌಕುಳಿ ಪುಸ್ತಕ, ಪೆನ್ಸಿಲು, 100ರ ಒಳಗಿನ 25 ಅವಿಭಾಜ್ಯ ಸಂಖ್ಯೆಗಳ ಪಟ್ಟಿ ಮತ್ತು ಒಂದು ಸಾದಾ ಕ್ಯಾಲ್ಕುಲೇಟರ್ ಸಾಕು. ಮಂಗಳೂರಿನ ಹಂಪನಕಟ್ಟೆಯ ಅಂಗಡಿಗಳ ಗಲ್ಲಾಪೆಟ್ಟಿಗೆಯ ಪಕ್ಕ ಕಾಣುವ 12 ಅಂಕಿಯ ಕ್ಯಾಲ್ಕುಲೇಟರ್ ಇದ್ದರೆ ಯಾವ ತೊಂದರೆಯೂ ಇಲ್ಲ. 8 ಅಂಕಿಯದು ಮಾತ್ರ ಇದ್ದರೆ ನಮ್ಮ 9 ಅಂಕಿಯ ಸಂಖ್ಯೆ ಅದರೊಳಗೆ ಹಿಡಿಸುವುದಿಲ್ಲ; ಆದರೆ 2ನೇ ಹಂತ ಮುಗಿದ ಮೇಲೆ ಉಳಿಯುವ ಸಂಖ್ಯೆಗೆ ಸರಿಯಾಗಿ 8 ಅಂಕಿಗಳಿರುವುದರಿಂದ, ಅಲ್ಲಿಂದ 6ನೇ ಹಂತದವರೆಗೆ ಅಪವರ್ತನ ಹುಡುಕುವ ಕೆಲಸಕ್ಕೆ ಅದೂ ನಡೆಯುತ್ತದೆ.

ಕ್ಯಾಲ್ಕುಲೇಟರಿನಲ್ಲಿ ಶೇಷ ಕಂಡುಹಿಡಿಯುವ ಸರಿಯಾದ ವಿಧಾನವನ್ನು ಮೊದಲೇ ರೂಢಿ ಮಾಡಿಕೊಳ್ಳಬೇಕು. 13717421 ÷ 17 ಎಂದು ಒತ್ತಿದರೆ 8 ಅಂಕಿಯ ಪರದೆಯ ಮೇಲೆ 806907.11 ಎಂದು ಕಾಣುತ್ತದೆ. ಬಿಂದುವಿನ ನಂತರದ 0.11 ಅನ್ನು 17ರಿಂದ ಗುಣಿಸಿದರೆ 1.87 ಬರುತ್ತದೆ, ಅದು 1 ಎಂದೋ 2 ಎಂದೋ ತಿಳಿಯದೆ ಗೊಂದಲವಾಗುತ್ತದೆ. ಹಾಗೆ ಮಾಡಬಾರದು. ಬಿಂದುವಿನ ಹಿಂದಿನ ಪೂರ್ಣಾಂಕವನ್ನು ಮಾತ್ರ ತೆಗೆದುಕೊಂಡು 806907 × 17 = 13717419 ಎಂದು ಗುಣಿಸಿ, ಮೂಲ ಸಂಖ್ಯೆಯಿಂದ ಕಳೆಯಬೇಕು. ಶೇಷ 2, ಅನುಮಾನಕ್ಕೆ ಎಡೆಯೇ ಇಲ್ಲ.

ಹಂತ 1: ಸಂಖ್ಯೆಯನ್ನು ಸರಿಯಾಗಿ ಬರೆದುಕೊಳ್ಳುವುದು

ಇದನ್ನೂ ಒಂದು ಹಂತವೆನ್ನಬೇಕೇ ಎಂದು ನಗಬೇಡಿ. ಆಟಿಯ ಮಳೆ ಹೊಯ್ಯುತ್ತಿದ್ದ ಒಂದು ಭಾನುವಾರ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು 123465789 ಎಂದು ಬರೆದುಕೊಂಡು, ಊಟದ ಹೊತ್ತಿನವರೆಗೂ ಬೇರೆಯೇ ಸಂಖ್ಯೆಯನ್ನು ಭಾಗಿಸುತ್ತ ಕುಳಿತಿದ್ದಳು. 5 ಮತ್ತು 6 ಅದಲು ಬದಲಾಗಿದ್ದವು. ಅಂಕಿಗಳ ಮೊತ್ತ ಎರಡರಲ್ಲೂ 45 ಆಗಿರುವುದರಿಂದ ಮೊತ್ತ ನೋಡಿ ಈ ತಪ್ಪನ್ನು ಹಿಡಿಯಲಾಗುವುದಿಲ್ಲ.

ಹಿಡಿಯುವ ದಾರಿ 11ರ ಪರೀಕ್ಷೆ. ಬಲಗಡೆಯಿಂದ ಒಂದಂಕಿ ಕೂಡುತ್ತ, ಮುಂದಿನದನ್ನು ಕಳೆಯುತ್ತ ಹೋಗಬೇಕು: 9 − 8 + 7 − 6 + 5 − 4 + 3 − 2 + 1 = 5. ನೀವು ಬರೆದುಕೊಂಡ ಸಂಖ್ಯೆಗೆ 5 ಬಂದರೆ ಅಕ್ಕಪಕ್ಕದ ಯಾವ ಎರಡು ಅಂಕಿಗಳೂ ಸ್ಥಳ ಬದಲಿಸಿಲ್ಲ. ಆ ಹುಡುಗಿಯ ಸಂಖ್ಯೆಗೆ 7 ಬರುತ್ತದೆ.

ಹಂತ 2: 2, 3, 5ನ್ನು ಮುಗಿಸುವುದು

ಕೊನೆಯ ಅಂಕಿ 9 ಆದ್ದರಿಂದ 2 ಮತ್ತು 5 ಇಲ್ಲಿಗೇ ಹೊರಗೆ. ಅಂಕಿಗಳ ಮೊತ್ತ 45, ಅದು 9ರಿಂದ ಭಾಗವಾಗುವುದರಿಂದ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ. ಮೊತ್ತ 45 ಎಂದು ಕಂಡೊಡನೆ ಸಂಖ್ಯೆ 5ರಿಂದಲೂ ಭಾಗವಾಗುತ್ತದೆ ಎಂದು ಬರೆಯುವವರು ಪ್ರತಿ ವರ್ಷವೂ ಇಬ್ಬರಾದರೂ ಸಿಗುತ್ತಾರೆ. ಅಂಕಿಗಳ ಮೊತ್ತದ ನಿಯಮ 3 ಮತ್ತು 9ಕ್ಕೆ ಮಾತ್ರ ಸಲ್ಲುತ್ತದೆ.

123456789 ÷ 9 = 13717421. ಈಗ ಭಾಗಲಬ್ಧದ ಅಂಕಿಗಳನ್ನು ಮತ್ತೆ ಕೂಡಬೇಕು: 1 + 3 + 7 + 1 + 7 + 4 + 2 + 1 = 26. ಇದು 3ರಿಂದ ಭಾಗವಾಗದು. ಹಾಗಾಗಿ 3 ಎಂಬ ಅಪವರ್ತನ ಸರಿಯಾಗಿ ಎರಡು ಬಾರಿ ಇದೆ, ಮೂರನೆಯ ಬಾರಿ ಇಲ್ಲ. ಒಂದು ಅಪವರ್ತನ ಸಿಕ್ಕಿದಾಗ ಅದನ್ನು ಪೂರ್ತಿ ಬರಿದು ಮಾಡಿಯೇ ಮುಂದೆ ಹೋಗಬೇಕೆಂಬ ನಿಯಮವನ್ನು ಇಲ್ಲಿಯೇ ಕೈಗೆ ಹತ್ತಿಸಿಕೊಳ್ಳಿ, ಕೊನೆಯಲ್ಲಿ ಅದು ಮತ್ತೆ ಬೇಕಾಗುತ್ತದೆ.

ಹಂತ 3: 7, 11, 13, 37 ಮತ್ತು 100ರ ಒಳಗಿನ ಉಳಿದವು

7 × 11 × 13 = 1001 ಆಗಿರುವುದರಿಂದ, ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಗಳ ಗುಂಪು ಮಾಡಿ ಒಂದನ್ನು ಕೂಡಿ ಇನ್ನೊಂದನ್ನು ಕಳೆದರೆ ಈ ಮೂರರ ಪರೀಕ್ಷೆಯೂ ಒಟ್ಟಿಗೆ ಆಗುತ್ತದೆ. 13717421ಕ್ಕೆ 421 − 717 + 13 = −283. ಈ 283 ಎಂಬುದು 7, 11, 13 ಯಾವುದರಿಂದಲೂ ಭಾಗವಾಗದು. ಶೇಷಗಳು ಕ್ರಮವಾಗಿ 3, 8, 10. ಹಾಗೆಯೇ 27 × 37 = 999 ಆದ್ದರಿಂದ ಅದೇ ಗುಂಪುಗಳನ್ನು ಬರೀ ಕೂಡಿದರೆ 37ರ ಪರೀಕ್ಷೆಯಾಗುತ್ತದೆ: 421 + 717 + 13 = 1151, 37ರಿಂದ ಭಾಗಿಸಿದಾಗ ಶೇಷ 4.

ಇಲ್ಲಿನ ಬಹುದೊಡ್ಡ ಬಲೆ ನಮ್ಮ ಅಲ್ಪವಿರಾಮ. ಲಕ್ಷ, ಕೋಟಿಯ ಲೆಕ್ಕದಲ್ಲಿ ನಾವು ಮೂಲ ಸಂಖ್ಯೆಯನ್ನು 12,34,56,789 ಎಂದು ಬರೆಯುತ್ತೇವೆ. ಆ ಗುಂಪುಗಳನ್ನೇ ಹಿಡಿದು 789 − 56 + 34 − 12 = 755 ಎಂದು ಮಾಡಿದರೆ 7ರ ಶೇಷ 6 ಎಂದು ಬರುತ್ತದೆ. ಮೂರರ ಗುಂಪಿನಲ್ಲಿ 789 − 456 + 123 = 456, ಅದರ ಶೇಷ 1, ಅದೇ ಸರಿ. ಈ ಹಂತಕ್ಕೆ ಬರುವ ಮೊದಲು ಅಲ್ಪವಿರಾಮಗಳನ್ನು ಅಳಿಸಿಬಿಡುವುದು ಒಳ್ಳೆಯದು.

ಇನ್ನುಳಿದ 17, 19, 23 ಮೊದಲಾಗಿ 97ರವರೆಗಿನ 18 ಅವಿಭಾಜ್ಯಗಳಿಗೆ ಸುಲಭದ ಉಪಾಯವಿಲ್ಲ, ಕ್ಯಾಲ್ಕುಲೇಟರಿನಲ್ಲೇ ಭಾಗಿಸಬೇಕು. ಒಂದೂ ಸರಿಯಾಗಿ ಭಾಗಿಸುವುದಿಲ್ಲ.

ಹಂತ 4: ವರ್ಗಮೂಲ ನೋಡಿ ದಾರಿ ಆರಿಸುವುದು

13717421ರ ವರ್ಗಮೂಲ ಸುಮಾರು 3703.70. ಸಂಖ್ಯೆ ಅವಿಭಾಜ್ಯವಲ್ಲದಿದ್ದರೆ ಅದರ ಒಂದು ಅಪವರ್ತನವಾದರೂ 3703ಕ್ಕಿಂತ ಮೇಲಿರಲಾರದು. ಅಂದರೆ 97ರವರೆಗೆ ನೋಡಿ ಏನೂ ಸಿಗಲಿಲ್ಲವೆಂಬುದು ಅವಿಭಾಜ್ಯವೆನ್ನಲು ಸಾಕ್ಷಿಯಾಗುವುದಿಲ್ಲ. ಎಂಟು ಮಂದಿ ಪುಸ್ತಕ ಮುಚ್ಚುವುದು ಇಲ್ಲಿಯೇ.

ಪಟ್ಟಿ ಹಿಡಿದು ಭಾಗಿಸುತ್ತಲೇ ಹೋದರೆ ಉತ್ತರ ಸಿಗದೆಂದಲ್ಲ, ಸಿಗುವುದು 504ನೆಯ ಅವಿಭಾಜ್ಯದಲ್ಲಿ. 25 ಮುಗಿದಿವೆ, ಇನ್ನೂ 479 ಭಾಗಾಕಾರಗಳಿವೆ. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿ ಬರುವಷ್ಟು ಹೊತ್ತು ಬೇಕು, ನಡುವೆ ಒಂದು ಗುಂಡಿ ತಪ್ಪಿ ಒತ್ತಿದರೆ ಎಲ್ಲವೂ ವ್ಯರ್ಥ. ಈ ಹಂತದಲ್ಲಿ ದಾರಿ ಬದಲಿಸಲೇಬೇಕು.

ಹಂತ 5: ಎರಡು ವರ್ಗಗಳ ವ್ಯತ್ಯಾಸವಾಗಿ ಬಿಡಿಸುವುದು

ಇದು ಫ್ರೆಂಚ್ ಗಣಿತಜ್ಞ ಫರ್ಮಾ ಅವರ ವಿಧಾನ. ಎರಡು ವರ್ಗಗಳ ವ್ಯತ್ಯಾಸವೆಂದರೆ ಆ ಎರಡು ಸಂಖ್ಯೆಗಳ ಮೊತ್ತ ಗುಣಿಸು ಅವುಗಳ ವ್ಯತ್ಯಾಸ ಎಂಬ ನಿತ್ಯಸಮೀಕರಣ ಎಲ್ಲರಿಗೂ ಬಾಯಿಪಾಠ. ಆದರೆ ಅದನ್ನು ಹಿಂದಿನಿಂದ ಮುಂದಕ್ಕೆ ಉಪಯೋಗಿಸುವುದು ಯಾರಿಗೂ ಹೊಳೆಯುವುದಿಲ್ಲ. ಸಂಖ್ಯೆಗಿಂತ ತುಸು ದೊಡ್ಡದಾದ ಪೂರ್ಣ ವರ್ಗವೊಂದನ್ನು ತೆಗೆದುಕೊಂಡು, ಅದರಿಂದ ನಮ್ಮ ಸಂಖ್ಯೆಯನ್ನು ಕಳೆದಾಗ ಉಳಿಯುವುದೂ ಪೂರ್ಣ ವರ್ಗವಾಗಿದ್ದರೆ ಸಂಖ್ಯೆ ತಾನಾಗಿ ಎರಡು ತುಂಡಾಗುತ್ತದೆ.

ವರ್ಗಮೂಲ 3703.70 ಆದ್ದರಿಂದ 3704ರಿಂದ ಆರಂಭಿಸಬೇಕು.

ಮೊದಲ ಪ್ರಯತ್ನ: 3704² = 13719616. ಇದರಿಂದ 13717421 ಕಳೆದರೆ 2195. ಪೂರ್ಣ ವರ್ಗ 5ರಲ್ಲಿ ಕೊನೆಯಾದರೆ ಅದರ ಕೊನೆಯ ಎರಡಂಕಿ 25 ಆಗಿರಲೇಬೇಕು. ಇಲ್ಲಿ 95 ಇದೆ. ವರ್ಗಮೂಲ ನೋಡುವ ಅಗತ್ಯವೂ ಇಲ್ಲದೆ ಇದನ್ನು ಬಿಡಬಹುದು.

ಎರಡನೆಯ ಪ್ರಯತ್ನ: 3705² = 13727025. ಕಳೆದರೆ 9604. ಇದು 98ರ ವರ್ಗ.

ಕೆಲಸ ಮುಗಿಯಿತು. 3705 − 98 = 3607, 3705 + 98 = 3803. ಗುಣಿಸಿ ನೋಡಿ: 3607 × 3803 = 13717421. ಪಟ್ಟಿ ಹಿಡಿದು ಹೋದರೆ 479 ಭಾಗಾಕಾರಗಳಾಚೆ ಸಿಗಬೇಕಾಗಿದ್ದದ್ದು ಎರಡು ಕಳೆಯುವ ಲೆಕ್ಕಗಳಲ್ಲಿ ಸಿಕ್ಕಿತು. ಕಾಲೇಜಿಗೆಂದು ಮಂಗಳೂರಿಗೆ ಹೋಗುತ್ತಿದ್ದ ಹುಡುಗನೊಬ್ಬ ಪಡುಬಿದ್ರಿ ಬರುವ ಮೊದಲೇ, ಟಿಕೆಟಿನ ಹಿಂಬದಿಯಲ್ಲಿ ಇದನ್ನು ಮಾಡಿ ಫೋಟೋ ಕಳುಹಿಸಿದ್ದ.

ಎಚ್ಚರಿಕೆಯ ಸೂಚನೆಗಳು ಮೂರು. ವ್ಯತ್ಯಾಸ ಋಣ ಸಂಖ್ಯೆಯಾಗಿ ಬಂದರೆ ನೀವು 3703ರಿಂದ ಆರಂಭಿಸಿದ್ದೀರಿ ಎಂದರ್ಥ. ಎರಡನೆಯದಾಗಿ, ಒಂದು ಪ್ರಯತ್ನದಿಂದ ಇನ್ನೊಂದಕ್ಕೆ ಹೋಗುವಾಗ ವ್ಯತ್ಯಾಸ ಹಿಂದಿನ ಸಂಖ್ಯೆಯ ಎರಡರಷ್ಟಕ್ಕೆ ಒಂದು ಕೂಡಿದಷ್ಟು ಹೆಚ್ಚಬೇಕು: 2 × 3704 + 1 = 7409, ಮತ್ತು 2195 + 7409 = 9604. ಇದು ತಾಳೆಯಾಗದಿದ್ದರೆ ವರ್ಗ ಮಾಡುವಲ್ಲಿ ತಪ್ಪಿದ್ದೀರಿ. ಮೂರನೆಯದಾಗಿ, ಇಪ್ಪತ್ತು ಪ್ರಯತ್ನಗಳಾದರೂ ಪೂರ್ಣ ವರ್ಗ ಸಿಗದಿದ್ದರೆ ಈ ವಿಧಾನವನ್ನು ಅಲ್ಲಿಗೇ ಬಿಡಿ. ಎರಡು ಅಪವರ್ತನಗಳು ಹತ್ತಿರ ಹತ್ತಿರ ಇದ್ದಾಗ ಮಾತ್ರ ಇದು ಬೇಗ ಫಲ ಕೊಡುತ್ತದೆ. 3607 ಮತ್ತು 3803ರ ನಡುವೆ ಅಂತರ ಬರೀ 196.

9ನ್ನು ತೆಗೆಯದೆ ನೇರವಾಗಿ 123456789ರ ಮೇಲೆಯೇ ಈ ವಿಧಾನ ಪ್ರಯೋಗಿಸಿದರೆ ಏನಾದೀತೆಂದು ಕೇಳುವವರಿರುತ್ತಾರೆ. ಅದೂ ಆಗುತ್ತದೆ. 11112, 11113, 11114ರ ವರ್ಗಗಳಿಂದ ಕಳೆದಾಗ 19755, 41980, 64207 ಉಳಿಯುತ್ತವೆ, ಮೂರೂ ಕೊನೆಯ ಅಂಕಿಗಳಲ್ಲೇ ಬಿದ್ದುಹೋಗುತ್ತವೆ. 11115ರಲ್ಲಿ 86436 ಉಳಿಯುತ್ತದೆ, ಅದು 294ರ ವರ್ಗ. ಆಗ ಸಿಗುವ ತುಂಡುಗಳು 10821 ಮತ್ತು 11409. ಆದರೆ ಇವೆರಡೂ 3ರಿಂದ ಭಾಗವಾಗುವ ಸಂಖ್ಯೆಗಳು. ಇದನ್ನೇ ಕೊನೆಯ ಉತ್ತರವೆಂದು ಬರೆದವರಿದ್ದಾರೆ. ಈ ವಿಧಾನ ಸಂಖ್ಯೆಯನ್ನು ಎರಡಾಗಿ ಸೀಳುತ್ತದೆಯೇ ಹೊರತು ಸಿಕ್ಕ ತುಂಡು ಅವಿಭಾಜ್ಯವೆಂದು ಹೇಳುವುದಿಲ್ಲ.

ಹಂತ 6: ಎರಡೂ ತುಂಡುಗಳು ಅವಿಭಾಜ್ಯವೆಂದು ಸಾಧಿಸುವುದು

60² = 3600 ಮತ್ತು 61² = 3721. 3607 ಇವೆರಡರ ನಡುವೆ ಇರುವುದರಿಂದ 59ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 97ರವರೆಗಿನವನ್ನು 3ನೇ ಹಂತದಲ್ಲೇ ನೋಡಿದ್ದೇವಲ್ಲ, ಗುಣಲಬ್ಧವನ್ನು ಭಾಗಿಸದ್ದು ತುಂಡನ್ನೂ ಭಾಗಿಸದು ಎಂಬ ವಾದ ಸರಿಯೇ. ಆ ಹಂತವನ್ನು ನಿಜವಾಗಿ 97ರವರೆಗೆ ಮಾಡಿದ್ದರೆ ಇದು ಪುನರಾವರ್ತನೆ. ಆದರೂ ಮಾಡಿಸುತ್ತೇನೆ, ಏಕೆಂದರೆ ಬಹಳಷ್ಟು ಮಂದಿ ಅಲ್ಲಿ 40ರ ಆಸುಪಾಸಿನಲ್ಲಿ ಬೇಸತ್ತು ಬಿಟ್ಟಿರುತ್ತಾರೆ.

3607ನ್ನು 7, 11, 13, 17, 19, 23, 29ರಿಂದ ಭಾಗಿಸಿದಾಗ ಶೇಷಗಳು ಕ್ರಮವಾಗಿ 2, 10, 6, 3, 16, 19, 11. ಮುಂದೆ 31, 37, 41, 43, 47, 53, 59ಕ್ಕೆ 11, 18, 40, 38, 35, 3, 8. ಎಲ್ಲಿಯೂ ಸೊನ್ನೆಯಿಲ್ಲ, ಆದ್ದರಿಂದ 3607 ಅವಿಭಾಜ್ಯ.

3803ಕ್ಕೆ ಅದೇ ಪಟ್ಟಿಯ ಶೇಷಗಳು 2, 8, 7, 12, 3, 8, 4 ಮತ್ತು 21, 29, 31, 19, 43, 40, 27. ಇಲ್ಲಿಗೆ ನಿಲ್ಲಿಸಬಾರದು. 3803 ಎಂಬುದು 3721ಕ್ಕಿಂತ ದೊಡ್ಡದು, ಹಾಗಾಗಿ 61ರಿಂದಲೂ ಭಾಗಿಸಬೇಕು, ಶೇಷ 21. ಒಮ್ಮೆ ನಾನೇ ಬೋರ್ಡಿನಲ್ಲಿ ಎರಡಕ್ಕೂ 59ಕ್ಕೇ ಗೆರೆ ಎಳೆದು ಬಿಟ್ಟಿದ್ದೆ. ಹಿಂದಿನ ಸಾಲಿನಿಂದ “ಟೀಚರ್, 61 ಬಾಕಿ ಉಂಟಲ್ಲ?” ಎಂಬ ಮಾತು ಬಂದಾಗ ಡಸ್ಟರ್ ಎತ್ತಿಕೊಳ್ಳಬೇಕಾಯಿತು. ಪ್ರತಿ ಸಂಖ್ಯೆಗೂ ಅದರದೇ ವರ್ಗಮೂಲವನ್ನು ಬೇರೆಯಾಗಿ ನೋಡಬೇಕು.

ಈಗ ಧೈರ್ಯವಾಗಿ ಬರೆಯಬಹುದು: 123456789 = 3² × 3607 × 3803.

ಹಂತ 7: ಭಾಜಕಗಳ ಎಣಿಕೆ ಮತ್ತು ಮೊತ್ತ

ಪ್ರತಿ ಘಾತಕ್ಕೆ 1 ಕೂಡಿ ಗುಣಿಸಬೇಕು: (2 + 1) × (1 + 1) × (1 + 1) = 12. ಉತ್ತರ 8 ಬಂದಿದ್ದರೆ ನೀವು 9ನ್ನೇ ಅವಿಭಾಜ್ಯದಂತೆ ಎಣಿಸಿದ್ದೀರಿ; 2 ಬಂದಿದ್ದರೆ 1 ಕೂಡಲು ಮರೆತು ಘಾತಗಳನ್ನೇ ಗುಣಿಸಿದ್ದೀರಿ.

ಹನ್ನೆರಡನ್ನೂ ಜೋಡಿಗಳಾಗಿ ಬರೆದರೆ ಬಿಟ್ಟುಹೋಗುವುದಿಲ್ಲ, ಏಕೆಂದರೆ ಪ್ರತಿ ಜೋಡಿಯ ಗುಣಲಬ್ಧವೂ ಮೂಲ ಸಂಖ್ಯೆಯೇ ಆಗಬೇಕು: 1 ಮತ್ತು 123456789, 3 ಮತ್ತು 41152263, 9 ಮತ್ತು 13717421, 3607 ಮತ್ತು 34227, 3803 ಮತ್ತು 32463, 10821 ಮತ್ತು 11409.

ಮೊತ್ತಕ್ಕೆ (1 + 3 + 9) × (1 + 3607) × (1 + 3803), ಅಂದರೆ 13 × 3608 × 3804 = 178422816. ಮೊದಲ ಆವರಣದಲ್ಲಿ ನಡುವಿನ 3ನ್ನು ಬಿಟ್ಟು 10 ಎಂದು ಹಾಕುವುದೇ ಇಲ್ಲಿನ ಸಾಮಾನ್ಯ ತಪ್ಪು. ಮೇಲಿನ ಹನ್ನೆರಡನ್ನು ಕೂಡಿ ನೋಡಿದರೆ ತಾಳೆ ಸಿಗುತ್ತದೆ. ಸಂಖ್ಯೆಯನ್ನೇ ಬಿಟ್ಟು ಉಳಿದ ಹನ್ನೊಂದರ ಮೊತ್ತ 54966027, ಅದು ಸಂಖ್ಯೆಯ ಅರ್ಧಕ್ಕೂ ಕಡಿಮೆ; ಆದ್ದರಿಂದ ಇದು ಪರಿಪೂರ್ಣ ಸಂಖ್ಯೆಯ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ ತನಗೇ ಸಮವಾಗುವ ಸಂಖ್ಯೆಯ) ಹತ್ತಿರಕ್ಕೂ ಬಾರದು.

ಇದಕ್ಕಿಂತ ಚಿಕ್ಕದಾಗಿದ್ದು, ಇದರೊಂದಿಗೆ 1ನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಸಂಖ್ಯೆಗಳು ಎಷ್ಟು ಎಂದು ಕೇಳಿದರೆ 6 × 3606 × 3802 = 82260072. 9ರ ಪಾಲು 6, 8 ಅಲ್ಲ, ಏಕೆಂದರೆ 1ರಿಂದ 9ರವರೆಗೆ 3ರಿಂದ ಭಾಗವಾಗದವು ಆರೇ; ಒಂದು ಕಡಿಮೆ ಮಾಡುವುದು ಅವಿಭಾಜ್ಯಗಳಾದ 3607 ಮತ್ತು 3803ಕ್ಕೆ ಮಾತ್ರ.

ಹಂತ 8: ವರ್ಗಗಳ ಪ್ರಶ್ನೆಗಳು

ಸಂಖ್ಯೆ ಪೂರ್ಣ ವರ್ಗವಲ್ಲವೆಂಬುದು ಅಪವರ್ತನಗಳಿಂದಲೇ ಗೊತ್ತು. ಅದು 11111² + 2468 ಆಗಿರುವುದು ನನಗೆ ಇಷ್ಟವಾದ ಒಂದು ಚಂದ, ಮುಂದಿನ ಲೆಕ್ಕಕ್ಕೆ ಉಪಯೋಗವೇನೂ ಇಲ್ಲ.

ಎರಡು ವರ್ಗಗಳ ಮೊತ್ತದ ಪ್ರಶ್ನೆಯಲ್ಲಿ ಬುದ್ಧಿವಂತರೇ ಹೆಚ್ಚು ಬೀಳುತ್ತಾರೆ. ಕೊನೆಯ ಎರಡಂಕಿ 89ನ್ನು 4ರಿಂದ ಭಾಗಿಸಿದರೆ ಶೇಷ 1, ಹಾಗಾಗಿ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು ಎಂದು ಅವರು ತೀರ್ಮಾನಿಸುತ್ತಾರೆ. ಶೇಷ 1 ಇದ್ದರೆ ಸಾಕೆಂಬ ನಿಯಮ ಅವಿಭಾಜ್ಯ ಸಂಖ್ಯೆಗಳಿಗೆ ಮಾತ್ರ. ಸಂಯುಕ್ತ ಸಂಖ್ಯೆಯಲ್ಲಿ, 4ರಿಂದ ಭಾಗಿಸಿದಾಗ ಶೇಷ 3 ಬರುವ ಪ್ರತಿಯೊಂದು ಅವಿಭಾಜ್ಯದ ಘಾತವೂ ಸರಿ ಸಂಖ್ಯೆಯಾಗಿರಬೇಕು. 3ರ ಘಾತ 2, ಅದಕ್ಕೆ ಅಡ್ಡಿಯಿಲ್ಲ. ಆದರೆ 3607 ಮತ್ತು 3803 ಎರಡೂ ಶೇಷ 3 ಕೊಡುವಂಥವು, ಎರಡೂ ಒಂದೊಂದೇ ಬಾರಿ ಬಂದಿವೆ. ಆದ್ದರಿಂದ ಸಾಧ್ಯವಿಲ್ಲ. ಶೇಷ 3 ಇರುವ ಎರಡು ಸಂಖ್ಯೆಗಳನ್ನು ಗುಣಿಸಿದಾಗ ಶೇಷ 1 ಆಗಿ ಹೊರಗೆ ಏನೂ ಕಾಣದಂತಾಗುತ್ತದೆ. 6ನೇ ಹಂತ ಮುಗಿಸದೆ ಈ ಪ್ರಶ್ನೆಗೆ ಕೈಹಾಕಬಾರದೆಂದು ಹೇಳುವುದು ಇದಕ್ಕೇ.

ವರ್ಗಗಳ ವ್ಯತ್ಯಾಸವಾಗಿ ಮಾತ್ರ ಆರು ರೀತಿಯಲ್ಲಿ ಬರೆಯಬಹುದು, ಮೇಲಿನ ಆರು ಜೋಡಿಗಳಿಗೆ ಒಂದೊಂದು. ಮೊದಲ ಜೋಡಿ 61728395² − 61728394² ಕೊಡುತ್ತದೆ, ಕೊನೆಯದು ಈಗಾಗಲೇ ಕಂಡ 11115² − 294².

ಹಂತ 9: ತಿರುಗುಮುರುಗು ಸಂಖ್ಯೆಯಿಂದ ತಾಳೆ ನೋಡುವುದು

987654321 ÷ 123456789 ಎಂದು 10 ಅಂಕಿಯ ಕ್ಯಾಲ್ಕುಲೇಟರಿನಲ್ಲಿ ಒತ್ತಿದರೆ 8.000000072 ಎಂದು ಬರುತ್ತದೆ. ಬಾಲವನ್ನು ಕಡೆಗಣಿಸಿ ಸರಿಯಾಗಿ 8 ಪಟ್ಟು ಎಂದು ಬರೆಯಬೇಡಿ. ಗುಣಿಸಿ ಕಳೆದರೆ 987654321 = 8 × 123456789 + 9. ಯೂಕ್ಲಿಡ್‌ನ ಭಾಗಾಕಾರ ಕ್ರಮದಲ್ಲಿ ಮುಂದಿನ ಸಾಲಿಗೇ ಶೇಷ ಸೊನ್ನೆಯಾಗುವುದರಿಂದ ಎರಡರ ಮಹತ್ತಮ ಸಾಮಾನ್ಯ ಅಪವರ್ತನ 9. ಹಾಗಾಗಿ ಒಂದರಲ್ಲಿ ಸಿಕ್ಕ, 3ನ್ನು ಬಿಟ್ಟು ಬೇರೆ ಯಾವ ಅವಿಭಾಜ್ಯವೂ ಇನ್ನೊಂದರಲ್ಲಿ ಸಿಗಬಾರದು. ಸಿಕ್ಕರೆ ಎಲ್ಲೋ ಲೆಕ್ಕ ತಪ್ಪಿದೆ.

ಈಗ 987654321ನ್ನು ನೀವೇ ಬಿಡಿಸಿ, ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. 9ನ್ನು ತೆಗೆದರೆ 109739369 ಉಳಿಯುತ್ತದೆ. 5ನೇ ಹಂತ ಬೇಗ ಮುಗಿಯುತ್ತದೆಂಬ ಆಸೆಯಿಂದ 3ನೇ ಹಂತವನ್ನು ಹಾರಿ ನೇರವಾಗಿ ವರ್ಗಗಳಿಗೆ ಹೋದರೆ 10476ರಿಂದ ಆರಂಭಿಸಿ 190005ರವರೆಗೆ, ಅಂದರೆ 1,79,530 ಪ್ರಯತ್ನಗಳನ್ನು ಮಾಡಬೇಕಾಗುತ್ತದೆ. ಸಣ್ಣ ಅವಿಭಾಜ್ಯಗಳನ್ನು ಮೊದಲು ನೋಡಿದರೆ 17ರಲ್ಲೇ ಬಾಗಿಲು ತೆರೆಯುತ್ತದೆ, ಇನ್ನೊಮ್ಮೆ 17ರಿಂದಲೇ ಭಾಗವಾಗುತ್ತದೆ, ಆಮೇಲೆ ಉಳಿಯುವುದು 379721. ಅದರ ವರ್ಗಮೂಲ 616.2 ಆದ್ದರಿಂದ ಅದು ಅವಿಭಾಜ್ಯವೆಂದು ಹೇಳಲು 613ರವರೆಗೆ ನೋಡಬೇಕು; ಇಲ್ಲಿ ಅಡ್ಡದಾರಿಯಿಲ್ಲ, ತಾಳ್ಮೆಯೇ ಬೇಕು. ಭಾಜಕಗಳ ಸಂಖ್ಯೆ 18 ಬರಬೇಕು. 12 ಬಂದಿದ್ದರೆ 17ನ್ನು ಒಂದೇ ಬಾರಿ ತೆಗೆದು 6455257 ಅವಿಭಾಜ್ಯವೆಂದು ಬರೆದಿದ್ದೀರಿ, 2ನೇ ಹಂತದ ಕೊನೆಯ ಸಾಲಿಗೆ ಹಿಂದಿರುಗಿ.